ಅಂಗಳದ ಅಂಚಿನಲ್ಲಿ ಕೂತವರು

ಐವತ್ತು ಕೆ.ಜಿ. ತೂಕದ ಒಂಬತ್ತನೇ ತರಗತಿಯ ಹುಡುಗ ಇಪ್ಪತ್ತು ನಿಮಿಷ ಬಿಡದೆ ಓಡಿ ಕೊಕ್ಕೊ ಆಡಿದರೆ ಅವನ ದೇಹ ಸುಮಾರು 100 ಕಿಲೊಕ್ಯಾಲರಿ ಖರ್ಚು ಮಾಡುತ್ತದೆ. ಶಾಲೆಯ ಎದುರಿನ ಗೂಡಂಗಡಿಯಲ್ಲಿ ಮಾಲೆಯಂತೆ ನೇತಾಡುವ ಚಿಪ್ಸ್ ಪೊಟ್ಟಣ 30 ಗ್ರಾಂನದಾದರೆ ಅದರಲ್ಲಿ ಸುಮಾರು 160 ಕಿಲೊಕ್ಯಾಲರಿ ಇರುತ್ತದೆ. ಗಂಟೆ ಹೊಡೆದ ಐದೇ ನಿಮಿಷದಲ್ಲಿ ಹುಡುಗ ಕಳೆದದ್ದನ್ನೆಲ್ಲ ಬಡ್ಡಿ ಸಮೇತ ಮರಳಿ ಪಡೆದಿರುತ್ತಾನೆ. ಇಪ್ಪತ್ತು ನಿಮಿಷ ಎಂದದ್ದೂ ಉದಾರವಾದ ಲೆಕ್ಕವೇ. ನಲವತ್ತು ನಿಮಿಷದ ಅವಧಿಯಲ್ಲಿ ಕೋಣೆಯಿಂದ ಹೊರಬಂದು ಸಾಲು ನಿಲ್ಲುವುದಕ್ಕೆ, ಹಾಜರಿಗೆ, ಚೆಂಡು ಹುಡುಕುವುದಕ್ಕೆ, ತಂಡ ಕಟ್ಟುವ ಜಗಳಕ್ಕೆ ಎಷ್ಟು ಹೋಗುತ್ತದೆ ಎಂಬುದು ಶಾಲೆಯಲ್ಲಿ ಓದಿದ ಎಲ್ಲರಿಗೂ ಗೊತ್ತು. ಪಿ.ಟಿ. ಪೀರಿಯಡ್ ಹೆಚ್ಚಿಸಿದರೆ ಹದಿಹರೆಯದ ಬೊಜ್ಜು ಕರಗುತ್ತದೆ ಎಂಬ ಮಾತು ಭಾಷಣಗಳಲ್ಲಿ ಚೆನ್ನಾಗಿ ಕೇಳಿಸುತ್ತದೆ; ಲೆಕ್ಕಕ್ಕೆ ಕೂತರೆ ನಿಲ್ಲುವುದಿಲ್ಲ.

ಸಂಶೋಧನೆಗಳೂ ಹೆಚ್ಚುಕಡಿಮೆ ಇದನ್ನೇ ಹೇಳಿವೆ. ಶಾಲೆಗಳಲ್ಲಿ ದೈಹಿಕ ಚಟುವಟಿಕೆ ಹೆಚ್ಚಿಸಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಕೆನಡಾದ ವೈದ್ಯಕೀಯ ನಿಯತಕಾಲಿಕೆಯೊಂದು 2009ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಮಕ್ಕಳ ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ, ಇಳಿದದ್ದು ಕಾಣಲಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2013ರ ಸಮೀಕ್ಷೆಯೂ ಬಿಎಂಐ ವಿಷಯದಲ್ಲಿ ಬೇರೆ ಮಾತು ಹೇಳಲಿಲ್ಲ. ಅದೇ ವರ್ಷ ಅಮೆರಿಕದ ಅರ್ಥಶಾಸ್ತ್ರಜ್ಞರು ಮಾತ್ರ ಐದನೇ ತರಗತಿಯ ಮಕ್ಕಳಲ್ಲಿ ಬೇರೆಯದನ್ನು ಕಂಡರು: ವಾರಕ್ಕೆ ಒಂದು ತಾಸು ದೈಹಿಕ ಶಿಕ್ಷಣ ಹೆಚ್ಚಾದಲ್ಲಿ ಬೊಜ್ಜಿನ ಸಂಭವ 4.8 ಶೇಕಡಾಂಶದಷ್ಟು ಕುಗ್ಗಿತ್ತು. ಆದರೆ ಆ ಲಾಭ ಬಹುಪಾಲು ಹುಡುಗರದು. ಹುಡುಗಿಯರಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಇಷ್ಟನ್ನು ಓದಿ ಆಟದ ಅವಧಿಯನ್ನೇ ತೆಗೆದುಹಾಕಿ ಎನ್ನುವವರು ಅದೇ ಕಾಕ್ರೇನ್ ಸಮೀಕ್ಷೆಯ ಇನ್ನೊಂದು ಪುಟವನ್ನೂ ನೋಡಬೇಕು. ತೂಕ ಇಳಿಯದಿದ್ದರೂ ಆ ಮಕ್ಕಳ ಆಮ್ಲಜನಕ ಬಳಸುವ ಸಾಮರ್ಥ್ಯ ಏರಿತ್ತು, ಟಿ.ವಿ. ಮುಂದೆ ಕೂರುವ ಹೊತ್ತು ಇಳಿದಿತ್ತು. ತಕ್ಕಡಿಗೆ ಕಾಣದ ಬದಲಾವಣೆ ದೇಹದಲ್ಲಿ ಆಗಿತ್ತು. ಆಟದ ಅವಧಿಯನ್ನು ಬೊಜ್ಜಿಗೆ ಕೊಡುವ ಔಷಧಿ ಎಂದು ಅಳೆದಷ್ಟು ದಿನ ಅದು ಸೋಲುತ್ತಲೇ ಇರುತ್ತದೆ. ಅದರ ನಿಜವಾದ ಕೆಲಸ, ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಆಟದಿಂದ ಹೊರಬೀಳಲಿರುವ ಮಗುವನ್ನು ಒಳಗೇ ಉಳಿಸಿಕೊಳ್ಳುವುದು. ನಮ್ಮ ಶಾಲೆಗಳಲ್ಲಿ ಈಗಿರುವ ದೈಹಿಕ ಶಿಕ್ಷಣ ಇದಕ್ಕೆ ತದ್ವಿರುದ್ಧವಾದುದನ್ನು ಮಾಡುತ್ತಿದೆ ಎಂಬುದು ನನ್ನ ತಕರಾರು.

ಹೊಸಪೇಟೆಯಿಂದ ಕಮಲಾಪುರದ ಕಡೆಗೆ ಹೊರಟರೆ ಅನಂತಶಯನಗುಡಿ ದಾಟಿದ ಮೇಲೆ ಸಿಗುವ ಮಲಪನಗುಡಿಯಂಥ ಊರಿನಲ್ಲಿ ಈ ಮಾತು ಎತ್ತಿದರೆ ಮೊದಲ ಆಕ್ಷೇಪ ಏನು ಬರುತ್ತದೆಂದು ಊಹಿಸುವುದು ಕಷ್ಟವಲ್ಲ: ನಮ್ಮ ಹುಡುಗರು ಕಡ್ಡಿಯಂತಿದ್ದಾರೆ, ಬೊಜ್ಜು ಬೆಂಗಳೂರಿನವರ ಕಾಯಿಲೆ. ಇದರಲ್ಲಿ ಅರ್ಧ ನಿಜವಿದೆ. 2016–18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯ ಪ್ರಕಾರ ದೇಶದ 10ರಿಂದ 19 ವರ್ಷದವರಲ್ಲಿ ಶೇ 24ರಷ್ಟು ಮಂದಿ ಇರಬೇಕಾದುದಕ್ಕಿಂತ ತೆಳ್ಳಗಿದ್ದರು. ತೂಕ ಮೀರಿದವರು ಶೇ 5ರಷ್ಟು ಮಾತ್ರ. ರಾಯ ಕಾಲುವೆ, ಬಸವಣ್ಣ ಕಾಲುವೆಗಳ ನೀರುಂಡು ಬಾಳೆ, ಕಬ್ಬು ಬೆಳೆಯುವ ಈ ಸೀಮೆಯಲ್ಲೂ, ಸಂಡೂರಿನ ಗಣಿ ಸಾಲಿನಲ್ಲೂ, ಕಂಪ್ಲಿಯ ಭತ್ತದ ಬಯಲಿನಲ್ಲೂ ಮೈ ಮುರಿದು ದುಡಿಯುವ ಮನೆಗಳ ಮಕ್ಕಳಿಗೆ ಕೊರತೆಯ ಭಯವೇ ದೊಡ್ಡದು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಪಕ್ಕದಲ್ಲಿಟ್ಟು ನೋಡಿ. ಕರ್ನಾಟಕದ ವಯಸ್ಕ ಹೆಂಗಸರಲ್ಲೂ ಗಂಡಸರಲ್ಲೂ ಸುಮಾರು ಶೇ 30ರಷ್ಟು ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರು. ಹದಿಹರೆಯದಲ್ಲಿ ಇಪ್ಪತ್ತಕ್ಕೆ ಒಬ್ಬರು, ದೊಡ್ಡವರಲ್ಲಿ ಹತ್ತಕ್ಕೆ ಮೂವರು. ಒಂದು ದೇಶದ ಲೆಕ್ಕ, ಇನ್ನೊಂದು ರಾಜ್ಯದ್ದು, ಪೀಳಿಗೆಗಳೂ ಬೇರೆ ಬೇರೆ, ಒಂದರಿಂದ ಒಂದನ್ನು ನೇರವಾಗಿ ಕಳೆಯಲಾಗದು, ನಿಜ. ಆದರೂ ತೂಕ ಏರುವುದು ಹೆಚ್ಚಾಗಿ ಶಾಲೆ ಬಿಟ್ಟ ಮೇಲಿನ ವರ್ಷಗಳಲ್ಲಿ ಎಂಬ ಸೂಚನೆ ಇದರಲ್ಲಿದೆ. ಅಂದ ಮೇಲೆ, ತಡೆಗಟ್ಟುವುದು ಎಂಬ ಮಾತಿಗೆ ಅರ್ಧಕ್ಕರ್ಧ ಮಕ್ಕಳು ಈಗಾಗಲೇ ದಪ್ಪಗಿರುವ ದೇಶಗಳಿಗಿಂತ ನಮ್ಮಲ್ಲೇ ಹೆಚ್ಚು ಅರ್ಥವಿದೆ. ಇನ್ನೂ ಆಗದಿರುವುದನ್ನಷ್ಟೇ ತಡೆಯಲು ಸಾಧ್ಯ.

ತೆಳ್ಳಗಿದ್ದಾರೆ ಎಂದು ನಿಶ್ಚಿಂತರಾಗುವುದಕ್ಕೂ ಆಧಾರವಿಲ್ಲ. ಅದೇ ಪೌಷ್ಟಿಕತೆ ಸಮೀಕ್ಷೆ ಹದಿಹರೆಯದವರ ರಕ್ತವನ್ನೂ ಪರೀಕ್ಷಿಸಿತ್ತು. ಶೇ 10ರಷ್ಟು ಮಕ್ಕಳ ಸಕ್ಕರೆ ಅಂಶ ಮಧುಮೇಹದ ಹೊಸ್ತಿಲಲ್ಲಿತ್ತು. ದಪ್ಪಗಿರುವವರು ಶೇ 5, ಹೊಸ್ತಿಲಲ್ಲಿರುವವರು ಅದರ ಎರಡು ಪಟ್ಟು. ಅಂದರೆ ನೋಡಲು ಸಪೂರವಾಗಿರುವ ಮಕ್ಕಳಲ್ಲೂ ಈ ತೊಂದರೆ ಸೇರಿಕೊಂಡಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರು ಲಂಡನ್ನಿನ ಜಾನ್ ಯಡ್ಕಿನ್ ಅವರ ಜೊತೆ ಸೇರಿ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಚಿತ್ರ ಹಾಕಿಸಿಕೊಂಡದ್ದು ವೈದ್ಯಲೋಕದಲ್ಲಿ ಪ್ರಸಿದ್ಧ. ಇಬ್ಬರ ಬಿಎಂಐ ಒಂದೇ, 22.3. ಯಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ದೇಹದಲ್ಲಿ ಶೇ 21.2. ನಮ್ಮವರ ತೂಕ ಕಡಿಮೆ ಇದ್ದಾಗಲೂ ಅದರಲ್ಲಿ ಮಾಂಸಖಂಡಕ್ಕಿಂತ ಕೊಬ್ಬಿನ ಪಾಲು ಹೆಚ್ಚಾಗಿರಬಹುದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳಿಂದ ಹಿಂಬಾಲಿಸಿದ ಅಧ್ಯಯನಗಳು, ಬಸಿರಿನಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಈ ಕೊಬ್ಬು ಬೆಳೆಯುತ್ತ ಹೋಗುವುದನ್ನು ದಾಖಲಿಸಿವೆ. ಹೀಗಿರುವಾಗ ತಕ್ಕಡಿಯನ್ನು ಇಳಿಸುವುದಕ್ಕಿಂತ ಮಾಂಸಖಂಡ ಬೆಳೆಸುವುದು, ಇರುವ ಮಾಂಸಖಂಡಕ್ಕೆ ಕೆಲಸ ಕೊಡುವುದು ಮುಖ್ಯವಾಗುತ್ತದೆ. ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವ ಅಂಗಗಳಲ್ಲಿ ಅದೇ ದೊಡ್ಡದು, ಅದು ಚೆನ್ನಾಗಿ ಬೆಳೆಯುವುದು ದುಡಿಸಿಕೊಂಡರೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ ಒಂದು ತಾಸು ಉಸಿರು ಏರುವಂಥ ಚಟುವಟಿಕೆ ಮಾಡಬೇಕು, ವಾರಕ್ಕೆ ಮೂರು ದಿನವಾದರೂ ಮಾಂಸಖಂಡ ಬಲಪಡಿಸುವ ಕಸರತ್ತು ಅದರಲ್ಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ದಪ್ಪಗಿರುವವರಿಗಷ್ಟೇ ಅಲ್ಲ, ಎಲ್ಲ ಮಕ್ಕಳಿಗೂ.

ಈಗ ಆ ಎಲ್ಲ ಮಕ್ಕಳು ಎಲ್ಲಿದ್ದಾರೆ ನೋಡೋಣ. ಜುಲೈ–ಆಗಸ್ಟ್ ಬಂತೆಂದರೆ ಶಾಲೆಗಳಲ್ಲಿ ಕ್ರೀಡಾಕೂಟದ ಗಡಿಬಿಡಿ. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ. ಅರವತ್ತು ಮಕ್ಕಳ ತರಗತಿಯಿಂದ ಕಬಡ್ಡಿಗೆ ಏಳು, ಕೊಕ್ಕೊಗೆ ಒಂಬತ್ತು, ಜೊತೆಗೆ ಒಂದಿಷ್ಟು ಬದಲಿ ಆಟಗಾರರು, ಓಟಕ್ಕೆ ನಾಲ್ಕಾರು ಜನ. ದೈಹಿಕ ಶಿಕ್ಷಕರ ಪೂರ್ತಿ ಗಮನ ಅವರ ಮೇಲೆ, ಏಕೆಂದರೆ ಶಾಲೆಗೆ ಬರುವ ಕಪ್ಪು, ಗೋಡೆಗೆ ಹತ್ತುವ ಫೋಟೊ ಅವರಿಂದಲೇ. ಉಳಿದವರು ಆಟವಾಡುವವರ ಚಪ್ಪಲಿ ಕಾಯುತ್ತ, ಅಂಕ ಎಣಿಸುತ್ತ, ಬೇವಿನ ಮರದ ನೆರಳಿನಲ್ಲಿ ಕೂತಿರುತ್ತಾರೆ. ಯಾರಿಗೆ ಓಡಲು ಬರುತ್ತದೋ ಅವರೇ ಓಡುತ್ತಾರೆ. ಯಾರಿಗೆ ಓಟದ ಅಗತ್ಯ ಎಲ್ಲರಿಗಿಂತ ಹೆಚ್ಚಿದೆಯೋ ಅವರು ಮೊದಲು ಕೂರುತ್ತಾರೆ. ನಮ್ಮ ಸೀಮೆಗೆ ಇದೊಂದು ಹಳೆಯ ಚಾಳಿ ಎನ್ನಬಹುದು. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ಕೃಷ್ಣದೇವರಾಯ ಬೆಳಕು ಹರಿಯುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಪೂಸಿಕೊಂಡು, ಭಾರ ಎತ್ತಿ, ಕತ್ತಿವರಸೆ ಮಾಡಿ, ಜಟ್ಟಿಯೊಬ್ಬನೊಡನೆ ಕುಸ್ತಿ ಹಿಡಿದು, ಆಮೇಲೆ ಕುದುರೆ ಏರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮಹಾನವಮಿಯಲ್ಲಿ ಜಟ್ಟಿಗಳ ಕಾಳಗವೂ ನಡೆಯುತ್ತಿತ್ತು. ಸಾಮು ಮಾಡುವವರು ಕೆಲವರು, ಸುತ್ತ ಕೂತು ನೋಡುವವರು ಸಾವಿರಾರು. ಇಂದು ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ನೀರಜ್ ಚೋಪ್ರಾ ಅವರಂಥವರು ತರಬೇತಿ ಪಡೆದಿದ್ದಾರೆ. ಅದು ಹೆಮ್ಮೆಯ ವಿಷಯವೇ, ಪದಕಕ್ಕೆ ಅಂಥ ಸಂಸ್ಥೆಗಳು ಬೇಕೇ ಬೇಕು. ಆದರೆ ಪದಕದ ತರ್ಕವನ್ನು ಎಂಟನೇ ತರಗತಿಯ ಆಟದ ಅವಧಿಗೂ ತಂದರೆ ಅದು ಶಿಕ್ಷಣವಾಗಿ ಉಳಿಯುವುದಿಲ್ಲ, ಆಯ್ಕೆ ಪ್ರಕ್ರಿಯೆಯಾಗುತ್ತದೆ. ಗಣಿತದ ಮೇಷ್ಟ್ರು ಲೆಕ್ಕ ಬರುವ ಏಳು ಮಕ್ಕಳಿಗೆ ಮಾತ್ರ ಪಾಠ ಮಾಡಿ ಉಳಿದವರನ್ನು ಗೋಡೆಗೆ ಒರಗಿ ಕೂರಲು ಹೇಳಿದರೆ ಊರು ಸುಮ್ಮನಿರುತ್ತದೆಯೇ?

ಕೂತವರಲ್ಲಿ ಹೆಚ್ಚಿನವರು ಹುಡುಗಿಯರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 11ರಿಂದ 17 ವರ್ಷದ ಶಾಲಾ ಮಕ್ಕಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, 2016ರ ಲೆಕ್ಕದಂತೆ ಜಗತ್ತಿನ ಶೇ 81ರಷ್ಟು ಮಕ್ಕಳು ದಿನಕ್ಕೆ ಒಂದು ತಾಸಿನ ಚಟುವಟಿಕೆಯ ಮಟ್ಟ ಮುಟ್ಟುತ್ತಿರಲಿಲ್ಲ. ಹುಡುಗಿಯರಲ್ಲಿ ಈ ಪ್ರಮಾಣ ಶೇ 85. ಭಾರತದ ಸ್ಥಿತಿ ಕೊಂಚ ವಾಸಿ, ಸುಮಾರು ಶೇ 74. ಇದಕ್ಕೆ ಸಂಶೋಧಕರು ಊಹಿಸಿದ ಕಾರಣ ಓದಿದರೆ ಸಂತೋಷ ಅಲ್ಲೇ ಇಳಿಯುತ್ತದೆ: ಹುಡುಗರು ಕ್ರಿಕೆಟ್ ಆಡುತ್ತಾರೆ, ಹುಡುಗಿಯರು ಮನೆಗೆಲಸ ಮಾಡುತ್ತಾರೆ. ನೀರು ಹೊರುವುದು, ಬಟ್ಟೆ ಒಗೆಯುವುದು ಚಟುವಟಿಕೆಯೇ. ಆದರೆ ಮನೆಗೆ ನಲ್ಲಿ, ಮಿಕ್ಸಿ, ವಾಷಿಂಗ್ ಮಷೀನ್ ಒಂದೊಂದಾಗಿ ಬಂದಂತೆ ಆ ದುಡಿಮೆ ಕಡಿಮೆಯಾಗುತ್ತದೆ, ಆಗಲೇಬೇಕು. ಅದರ ಜಾಗಕ್ಕೆ ಆಟ ಬಂತೇ ಎಂದರೆ ಇಲ್ಲ. ಐದನೇ ತರಗತಿಯವರೆಗೆ ಕುಂಟಾಬಿಲ್ಲೆ, ಲಗೋರಿ ಎಂದು ಓಣಿಯೆಲ್ಲ ಸುತ್ತಿದ ಹುಡುಗಿ ಮೈನೆರೆದ ಮೇಲೆ ಓಣಿಯಿಂದ ಒಳಗೆ ಹೋಗುತ್ತಾಳೆ. ಅವಳಿಗೆ ಓಡುವುದಕ್ಕೆ ಮರ್ಯಾದೆಯ ಜಾಗ ಎಂದು ಉಳಿದಿರುವುದು ಶಾಲೆಯ ಅಂಗಳ ಒಂದೇ. ಹುಡುಗರು ಸಂಜೆ ಎಲ್ಲಾದರೂ ಆಡಿಯಾರು, ಹುಡುಗಿಗೆ ಪಿ.ಟಿ. ಅವಧಿ ತಪ್ಪಿತೆಂದರೆ ಆ ದಿನದ ಆಟವೇ ತಪ್ಪಿದಂತೆ. ವೇಲ್ ಪಿನ್ನು ಮಾಡಿಕೊಂಡು ಕೊಕ್ಕೊ ಆಡಲಾಗದು, ನೀರಿಲ್ಲದ ಶೌಚಾಲಯವಿರುವ ಶಾಲೆಯಲ್ಲಿ ಮುಟ್ಟಿನ ದಿನ ಯಾರೂ ಅಂಗಳಕ್ಕೆ ಇಳಿಯಲಾರರು, ಗಂಡು ಮಾಸ್ತರರ ಹತ್ತಿರ ಕಾರಣ ಹೇಳಲಾಗದೆ ‘ಹೊಟ್ಟೆ ನೋವು ಸರ್’ ಎಂದು ಕೂತವಳು ಮುಂದಿನ ವಾರವೂ ಕೂರುತ್ತಾಳೆ. ಬೊಜ್ಜು ತಡೆಯುವ ಕಾರ್ಯಕ್ರಮ ಎಂದು ಬೇರೆ ಏನನ್ನೂ ಮಾಡದೆ, ಹುಡುಗಿಯರಿಗೆ ಆಟಕ್ಕೆ ಒಪ್ಪುವ ಸಮವಸ್ತ್ರ, ನೀರಿರುವ ಶೌಚಾಲಯ, ಒಬ್ಬ ಮಹಿಳಾ ದೈಹಿಕ ಶಿಕ್ಷಕಿ ಈ ಮೂರನ್ನು ಕೊಟ್ಟರೆ ಅರ್ಧ ತರಗತಿ ಅಂಗಳಕ್ಕೆ ಮರಳುತ್ತದೆ. ಅಮೆರಿಕದ ಅಧ್ಯಯನದಲ್ಲಿ ಹುಡುಗಿಯರಿಗೆ ಲಾಭ ಕಾಣದಿದ್ದುದನ್ನು ನಾನು ಓದಿಕೊಳ್ಳುವುದು ಹೀಗೆ: ವೇಳಾಪಟ್ಟಿಯಲ್ಲಿ ತಾಸು ಕೂಡಿಸಿದ ಮಾತ್ರಕ್ಕೆ ಅದು ಎಲ್ಲರ ಪಾಲಿಗೂ ಬರುವುದಿಲ್ಲ.

ಹಾಗಾದರೆ ದಪ್ಪಗಿರುವ ಮಕ್ಕಳನ್ನೇ ಆರಿಸಿ ಅವರಿಗೆ ಬೇರೆ ಕಸರತ್ತು ಮಾಡಿಸಿದರಾಗದೇ ಎಂದು ಕೇಳುವವರಿದ್ದಾರೆ. ಸಿಂಗಪುರ ಇದನ್ನು ಮಾಡಿ ನೋಡಿದೆ. 1992ರಲ್ಲಿ ಅಲ್ಲಿನ ಸರ್ಕಾರ ತೂಕ ಮೀರಿದ ವಿದ್ಯಾರ್ಥಿಗಳನ್ನು ಗುರುತಿಸಿ ಹೆಚ್ಚುವರಿ ವ್ಯಾಯಾಮಕ್ಕೆ ಹಚ್ಚುವ ಕಾರ್ಯಕ್ರಮ ಆರಂಭಿಸಿತು. ಲೆಕ್ಕದಲ್ಲಿ ಅದು ಗೆದ್ದಿತು. ಹತ್ತು ವರ್ಷದಲ್ಲಿ ಬೊಜ್ಜಿನ ವಿದ್ಯಾರ್ಥಿಗಳ ಪ್ರಮಾಣ ಶೇ 14ರಿಂದ ಸುಮಾರು ಶೇ 10ಕ್ಕೆ ಇಳಿಯಿತು. ಆದರೆ ಊಟದ ಬಿಡುವಿನಲ್ಲಿ ಬೇರೆ ಸಾಲಿನಲ್ಲಿ ಓಡಬೇಕಾದ ಮಕ್ಕಳನ್ನು ಉಳಿದವರು ಆಡಿಕೊಂಡರು, ಪೋಷಕರು ದೂರಿದರು, 2007ರಲ್ಲಿ ಕಾರ್ಯಕ್ರಮವನ್ನು ಕೈಬಿಟ್ಟು ಎಲ್ಲ ಮಕ್ಕಳಿಗೂ ಅನ್ವಯಿಸುವ ಆರೋಗ್ಯ ಯೋಜನೆಯನ್ನು ತರಬೇಕಾಯಿತು. ‘ಡುಮ್ಮ’, ‘ಡುಮ್ಮಿ’ ಎಂಬ ಅಡ್ಡಹೆಸರು ಮೊದಲೇ ಧಾರಾಳವಾಗಿ ಓಡಾಡುವ ನಮ್ಮ ತರಗತಿಗಳಲ್ಲಿ ಅಂಥದ್ದೊಂದು ಸಾಲು ನಿಲ್ಲಿಸಿದರೆ ಏನಾದೀತು ಎಂದು ಹೇಳಬೇಕಿಲ್ಲ. ಫಿಟ್‌ನೆಸ್ ಪರೀಕ್ಷೆಯ ಹೆಸರಿನಲ್ಲಿ ಎಲ್ಲರ ಎದುರು ತೂಕ ನೋಡಿ ಗಟ್ಟಿಯಾಗಿ ಓದುವುದೂ ಇದೇ ಜಾತಿಯ ತಪ್ಪು. ಅವಮಾನಗೊಂಡ ಮಗು ಆಟವನ್ನೇ ದ್ವೇಷಿಸಲು ಕಲಿತರೆ ಮುಂದಿನ ನಲವತ್ತು ವರ್ಷ ಅದನ್ನು ಅಂಗಳಕ್ಕೆ ಇಳಿಸುವವರು ಯಾರೂ ಇರುವುದಿಲ್ಲ. ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನ ಪ್ರಾಥಮಿಕ ಶಾಲೆಯೊಂದು 2012ರಲ್ಲಿ ಹಿಡಿದ ದಾರಿ ಇದಕ್ಕಿಂತ ಎಷ್ಟೋ ಮೇಲು. ದಿನಕ್ಕೆ ಹದಿನೈದು ನಿಮಿಷ ಇಡೀ ತರಗತಿ ಹೊರಬಂದು ಅವರವರ ವೇಗದಲ್ಲಿ ಓಡುವುದು, ಆಗದವರು ನಡೆಯುವುದು. ಸ್ಪರ್ಧೆಯಿಲ್ಲ, ಅದಕ್ಕೆಂದೇ ಬೂಟಿಲ್ಲ, ಬೇರೆ ಉಡುಪಿಲ್ಲ. ಪಕ್ಕದ ಶಾಲೆಯೊಡನೆ ಹೋಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಮಕ್ಕಳ ದಮ್ಮು ಹೆಚ್ಚಿತ್ತು, ಚರ್ಮದಡಿಯ ಕೊಬ್ಬು ಕೊಂಚ ಕಡಿಮೆಯಾಗಿತ್ತು.

ಶಿಕ್ಷಕರೇ ಇಲ್ಲ ಎಂಬುದು ಎಲ್ಲ ಆಕ್ಷೇಪಗಳಲ್ಲಿ ಗಟ್ಟಿಯಾದುದು, ಅದಕ್ಕೆ ಸುಲಭದ ಉತ್ತರವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆನ್ನುತ್ತದೆ. ಆದರೆ ಆರರಿಂದ ಎಂಟನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರಷ್ಟೇ ದೈಹಿಕ ಶಿಕ್ಷಣಕ್ಕೆ ಬೋಧಕರು ಬೇಕು, ಅದೂ ಅರೆಕಾಲಿಕ. ಆಟದಿಂದ ಮಕ್ಕಳು ಕಳಚಿಕೊಳ್ಳುವ ವಯಸ್ಸು ಸರಿಯಾಗಿ ಇದೇ, ಹನ್ನೊಂದರಿಂದ ಹದಿನಾಲ್ಕು. ಚಿಕ್ಕ ಊರಿನ ಶಾಲೆಯನ್ನು ಕಾನೂನೇ ಆ ವಯಸ್ಸಿನಲ್ಲಿ ಕೈಬಿಟ್ಟಿದೆ. ಇರುವ ಶಿಕ್ಷಕರ ಸ್ಥಾನಮಾನ, ಬಡ್ತಿಯ ಕುರಿತ ವೈದ್ಯನಾಥನ್ ವರದಿ ಜಾರಿಯಾಗಲಿ ಎಂದು ಅವರ ಸಂಘಗಳು ವರ್ಷಗಳಿಂದ ಕೇಳುತ್ತಲೇ ಇವೆ. ಪರೀಕ್ಷೆಯ ವ್ಯವಸ್ಥೆ ಅವರ ಪಾಠವನ್ನು ಎಲ್ಲಿ ಇಟ್ಟಿದೆ ನೋಡಿ: ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ದೈಹಿಕ ಶಿಕ್ಷಣಕ್ಕೆ ಒಂದೂ ಇಲ್ಲ, ಅದು ‘ಭಾಗ–ಬಿ’ಯ ಗ್ರೇಡು. ಜಿಲ್ಲೆಯ ಫಲಿತಾಂಶ ಎಷ್ಟನೇ ಸ್ಥಾನದಲ್ಲಿದೆ ಎಂಬ ಒತ್ತಡಕ್ಕೆ ಸಿಕ್ಕ ಮುಖ್ಯಶಿಕ್ಷಕರು ಡಿಸೆಂಬರ್ ದಾಟಿದೊಡನೆ ಆಟದ ಅವಧಿಯನ್ನು ಗಣಿತಕ್ಕೋ ಇಂಗ್ಲಿಷಿಗೋ ಕೊಟ್ಟರೆ ಅವರನ್ನು ದೂರಿ ಫಲವಿಲ್ಲ. ಆದರೆ ಹಾಗೆ ಕೊಡುವುದರಿಂದ ಅಂಕ ಹೆಚ್ಚುತ್ತದೆ ಎಂಬ ನಂಬಿಕೆಗೆ ಆಧಾರ ಕಡಿಮೆ. ಕೆನಡಾದ ತ್ರುವಾ ರಿವಿಯೇರ್‌ನಲ್ಲಿ 1970ರ ದಶಕದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ದಿನಕ್ಕೊಂದು ತಾಸು ದೈಹಿಕ ಶಿಕ್ಷಣ ಕೊಟ್ಟು, ಅಷ್ಟು ಹೊತ್ತನ್ನು ಪಾಠದಿಂದ ಕಡಿತ ಮಾಡಿದರು. ಅಂಕ ಇಳಿಯಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2010ರಲ್ಲಿ ಐವತ್ತು ಅಧ್ಯಯನಗಳನ್ನು ಪರಿಶೀಲಿಸಿದಾಗಲೂ ವ್ಯಾಯಾಮದಿಂದ ಓದು ಕೆಟ್ಟಿದ್ದು ಕಾಣಲಿಲ್ಲವೆಂದೇ ಹೇಳಬಹುದು, ಅಲ್ಲಲ್ಲಿ ಸುಧಾರಿಸಿತ್ತು.

ತಿಂಡಿಯ ಮಾತನ್ನು ಮೊದಲೇ ಒಪ್ಪಿಕೊಂಡಾಗಿದೆ: ಬಾಯಿಗೆ ಬೀಳುವುದು ಹೆಚ್ಚಾದರೆ ಅಂಗಳ ಒಂದೇ ಗೆಲ್ಲಲಾರದು. ಶಾಲೆಯ ಒಳಗೂ ಗೇಟಿನಿಂದ 50 ಮೀಟರ್ ಒಳಗೂ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸು ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವೇ ಇದೆ. ಅದನ್ನು ಟೇಪು ಹಿಡಿದು ಅಳೆದವರನ್ನು ಹುಡುಕಬೇಕು. ಇನ್ನೊಂದು ಕಡೆ, 2002ರಿಂದ ನಡೆದುಬಂದ ಅಕ್ಷರ ದಾಸೋಹ, 2013ರಿಂದ ಕ್ಷೀರಭಾಗ್ಯ, ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಮೊದಲು ಸಿಕ್ಕ ಮೊಟ್ಟೆ ಇವೆಲ್ಲ ಬಹಳ ಮಕ್ಕಳಿಗೆ ದಿನದ ಅತ್ಯುತ್ತಮ ಊಟ. ಮೊಟ್ಟೆಯ ಪ್ರೋಟೀನು ಚೆನ್ನಾಗಿ ಮಾಂಸಖಂಡವಾಗಬೇಕಾದರೆ ಮಗು ಓಡಬೇಕು, ಎತ್ತಬೇಕು, ಜಿಗಿಯಬೇಕು. ಸರ್ಕಾರ ಊಟದ ಅರ್ಧವನ್ನು ಮಾಡಿ ಆಟದ ಅರ್ಧವನ್ನು ಮರೆತಿದೆ. ಹಿಂದೆ ಅದು ತಿಳಿಯದೆಯೇ ಮಾಡಿದ್ದ ಒಂದು ಒಳ್ಳೆಯ ವ್ಯಾಯಾಮ ಕಾರ್ಯಕ್ರಮವೆಂದರೆ 2006–07ರಲ್ಲಿ ಶುರುವಾದ ಎಂಟನೇ ತರಗತಿಯ ಉಚಿತ ಸೈಕಲ್. ಹೈಸ್ಕೂಲಿಗೆ ಪಕ್ಕದೂರಿಗೆ ಹೋಗುವ ಹುಡುಗಿ ದಿನಾ ಬೆಳಿಗ್ಗೆ ಸಂಜೆ ತುಳಿಯುತ್ತಿದ್ದಳು. ಕೋವಿಡ್ ಕಾಲದಲ್ಲಿ ಅದು ನಿಂತಿತು.

ಹಣದ ಕೊರತೆ ಎಂಬ ಮಾತು ಬೇರೆ ಜಿಲ್ಲೆಗಳಿಗೆ ಒಪ್ಪಬಹುದು. ಗಣಿಗಾರಿಕೆಯಿಂದ ಬಾಧಿತ ಪ್ರದೇಶಗಳಿಗೆಂದೇ 2015ರ ತಿದ್ದುಪಡಿಯ ನಂತರ ಜಿಲ್ಲಾ ಖನಿಜ ನಿಧಿ ಬಂದಿದೆ, ಆರೋಗ್ಯ ಮತ್ತು ಶಿಕ್ಷಣ ಅದರ ಆದ್ಯತೆಯ ಬಾಬ್ತುಗಳು. ಬಳ್ಳಾರಿ, ವಿಜಯನಗರ ಎರಡೂ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ವ್ಯಾಪ್ತಿಯಲ್ಲೂ ಇವೆ. ಕೊಠಡಿ, ಕಾಂಪೌಂಡು ಕಟ್ಟುವ ಈ ಹಣದಲ್ಲಿ ಒಂದು ಪಾಲು ಎರಡು ಮೂರು ಶಾಲೆಗಳಿಗೆ ಸೇರಿ ಒಬ್ಬ ಶಿಕ್ಷಕಿಯ ಸಂಬಳಕ್ಕೆ ಹೋಗಲಿ. ದುಡ್ಡೇ ಬೇಡದ ಕೆಲಸವೂ ಇದೆ. ಒಂದು ದೊಡ್ಡ ಅಂಕಣದಲ್ಲಿ ಹದಿನಾಲ್ಕು ಮಂದಿ ಕಬಡ್ಡಿ ಆಡುವಾಗ ನಲವತ್ತಾರು ಮಂದಿ ಕೂರುತ್ತಾರೆ. ಸುಣ್ಣದ ಪುಡಿಯಲ್ಲಿ ಅದೇ ಅಂಗಳವನ್ನು ಆರು ಚಿಕ್ಕ ಅಂಕಣಗಳಾಗಿ ಗೆರೆ ಹಾಕಿ ಐದೈದು ಜನರ ತಂಡ ಮಾಡಿದರೆ ಅರವತ್ತೂ ಮಂದಿ ಆಡುತ್ತಾರೆ. ಔಟಾದವರು ಹೊರಗೆ ಕೂರದೆ ಎದುರು ತಂಡಕ್ಕೆ ಸೇರುವ ನಿಯಮ ಮಾಡಿದರೆ ಕೂರುವ ಪ್ರಶ್ನೆಯೇ ಬರುವುದಿಲ್ಲ. ಅವಧಿಯ ಅರ್ಧದಷ್ಟು ಹೊತ್ತಾದರೂ ಪ್ರತಿ ಮಗುವೂ ಏದುಸಿರು ಬಿಡಬೇಕು ಎಂಬುದು ಈ ವಿಷಯದ ತಜ್ಞರು ಇಟ್ಟುಕೊಂಡಿರುವ ಅಳತೆ, ಅದಕ್ಕೆ ಉಪಕರಣ ಬೇಡ. ಶನಿವಾರದ ಬೆಳಗಿನ ಶಾಲೆಯ ಸಾಮೂಹಿಕ ಕವಾಯತು ಈಗಾಗಲೇ ಇಡೀ ಶಾಲೆಯನ್ನು ಅಂಗಳಕ್ಕೆ ತರುತ್ತದೆ, ಆದರೆ ಕೈ ಮೇಲೆ ಕೈ ಕೆಳಗೆ ಮಾಡುವುದರಲ್ಲೇ ಅದು ಮುಗಿಯುತ್ತದೆ. ಅದರ ಕೊನೆಯ ಕಾಲು ತಾಸು ಸ್ಟರ್ಲಿಂಗ್ ಮಾದರಿಯ ಓಟಕ್ಕೆ ಸಿಗಬಹುದು. ಬಿಸಿಲಿನ ಆಕ್ಷೇಪ ನಿಜವಾದದ್ದು. ಮಾರ್ಚ್ ಬಂದರೆ ನಲವತ್ತು ಡಿಗ್ರಿ ಹತ್ತಿರವಾಗುವ ಈ ಬಂಡೆಗಳ ನಾಡಿನಲ್ಲಿ ಮಧ್ಯಾಹ್ನ ಎರಡಕ್ಕೆ ಮಕ್ಕಳನ್ನು ಓಡಿಸುವುದು ಕ್ರೌರ್ಯ. ಆಟದ ಅವಧಿ ಬೇಸಿಗೆಯಲ್ಲಿ ದಿನದ ಮೊದಲನೆಯದಾಗಲಿ, ಉಳಿದ ತಿಂಗಳುಗಳಲ್ಲಿ ಕೊನೆಯದಾಗಲಿ. ಕೊನೆಯದಾದಾಗ ಗಂಟೆ ಹೊಡೆದ ಮೇಲೂ ಹುಡುಗಿಯರು ಆಡುವಂತೆ ಗೇಟು ಐದೂವರೆಯವರೆಗೆ ತೆರೆದಿರಲಿ. ಬೀಗದ ಕೈ ಯಾರ ಹತ್ತಿರ ಇರಬೇಕು, ಆ ಹೊತ್ತಿನಲ್ಲಿ ಅಂಗಳದಲ್ಲಿ ಯಾವ ತಾಯಂದಿರು ಸರದಿಯ ಮೇಲೆ ಇರಬೇಕು ಎಂಬುದನ್ನು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಒಂದು ಸಭೆಯಲ್ಲಿ ತೀರ್ಮಾನಿಸಬಹುದು. ಅದಕ್ಕೆ ಬೆಂಗಳೂರಿನಿಂದ ಸುತ್ತೋಲೆ ಬರುವವರೆಗೆ ಕಾಯಬೇಕಾಗಿಲ್ಲ.